ಚಹಾದಂಗಡಿಯವರು ಕಟ್ಟಿದ ಗಣಕ

ಪ್ರಯೋಗಾಲಯದಿಂದ ಹೊರಬಂದ ಗಣಕ ಮೊದಲು ಹೊಕ್ಕಿದ್ದು ಯಾರ ಕಚೇರಿಯನ್ನು? ತರಗತಿಯಲ್ಲಿ ಈ ಪ್ರಶ್ನೆ ಕೇಳಿದರೆ ಬ್ಯಾಂಕು, ವಿಮಾ ಕಂಪನಿ, ರೈಲ್ವೆ ಎಂಬ ಉತ್ತರಗಳು ಬರಬಹುದು. ಆದರೆ ವ್ಯಾಪಾರ ಸಂಸ್ಥೆಯೊಂದರ ನಿತ್ಯದ ಲೆಕ್ಕಪತ್ರವನ್ನು ನಿರ್ವಹಿಸಿದ ಮೊದಲ ಗಣಕವೆಂದು ಇತಿಹಾಸಕಾರರು ಗುರುತಿಸುವುದು ಲಂಡನ್ನಿನ 'ಲಿಯೋ' ಯಂತ್ರವನ್ನು. ಅದನ್ನು ಕಟ್ಟಿಸಿದ್ದು ಚಹಾ, ಬ್ರೆಡ್ಡು, ಕೇಕುಗಳನ್ನು ಮಾರುತ್ತಿದ್ದ ಜೆ. ಲಯನ್ಸ್ ಅಂಡ್ ಕಂಪನಿ. ಕೇಕು ಮಾರುವವರಿಗೆ ಗಣಕವೇಕೆ ಬೇಕಾಯಿತು? ಅದನ್ನು ಅವರು ಹೇಗೆ ಪಳಗಿಸಿದರು? ಕಚೇರಿ, ಶಾಲೆಗಳೆಲ್ಲ ಗಣಕಮಯವಾಗಿರುವ ಇಂದು ಈ ಕಥೆಯಿಂದ ಕಲಿಯಬೇಕಾದದ್ದು ಬಹಳಷ್ಟಿದೆ.

ಸಣ್ಣ ಬಿಲ್ಲು, ದೊಡ್ಡ ಲೆಕ್ಕ

ಲಯನ್ಸ್ ತನ್ನ ಮೊದಲ ಚಹಾದಂಗಡಿಯನ್ನು 1894ರಲ್ಲಿ ಲಂಡನ್ನಿನ ಪಿಕಡಿಲಿಯಲ್ಲಿ ತೆರೆಯಿತು. ಮುಂದೆ ಅಂಗಡಿಗಳ ಸಂಖ್ಯೆ ಇನ್ನೂರನ್ನು ದಾಟಿತು. ಹ್ಯಾಮರ್‌ಸ್ಮಿತ್‌ನ ಕ್ಯಾಡ್ಬಿ ಹಾಲ್ ಎಂಬಲ್ಲಿದ್ದ ಕಂಪನಿಯ ಕೇಂದ್ರದಿಂದ ತಿಂಡಿತಿನಿಸುಗಳು ದಿನವೂ ಅಂಗಡಿಗಳಿಗೆ ಹೋಗಬೇಕಿತ್ತು. ಒಂದು ಲೋಟ ಚಹಾ, ಒಂದು ಬನ್ನಿನ ಮೇಲೆ ಸಿಗುವ ಲಾಭ ಅತ್ಯಲ್ಪ. ಆದರೆ ಅಂಥ ಲಕ್ಷಾಂತರ ಮಾರಾಟಗಳ ಲೆಕ್ಕವಿಡಲು ಗುಮಾಸ್ತರ ದೊಡ್ಡ ಪಡೆಯೇ ಬೇಕಾಗುತ್ತಿತ್ತು. ಲೆಕ್ಕವಿಡುವ ಖರ್ಚೇ ಲಾಭವನ್ನು ತಿಂದುಹಾಕುವ ಪರಿಸ್ಥಿತಿ!

ಕೇಂಬ್ರಿಜ್‌ನಲ್ಲಿ ಗಣಿತ ಕಲಿತು 1923ರಲ್ಲಿ ಕಂಪನಿಗೆ ಸೇರಿದ ಜಾನ್ ಸಿಮನ್ಸ್ ಈ ಸಮಸ್ಯೆಯನ್ನು ಕೈಗೆತ್ತಿಕೊಂಡರು. ಕಚೇರಿಯ ಕೆಲಸ ನಡೆಯುವ ಬಗೆಯನ್ನು ಅಧ್ಯಯನ ಮಾಡಲೆಂದೇ 1930ರ ದಶಕದಲ್ಲಿ ಒಂದು ವಿಭಾಗವಿತ್ತು. ಈ ಕಾಗದ ಯಾರಿಂದ ಯಾರಿಗೆ ಹೋಗುತ್ತದೆ? ಅದನ್ನು ಓದುವವರು ಯಾರು? ಅದೇ ಇಲ್ಲದಿದ್ದರೆ ಯಾವ ಕೆಲಸ ನಿಲ್ಲುತ್ತದೆ? ಹೀಗೆ ಪ್ರಶ್ನಿಸುತ್ತ ಹೋಗುವುದೇ ಆ ವಿಭಾಗದವರ ಕೆಲಸ. ಗಣಕ ಎಂಬ ಹೆಸರು ಕಿವಿಗೆ ಬೀಳುವ ಮೊದಲೇ ಅವರಿಗೆ ತಮ್ಮ ಕಚೇರಿಯ ನಾಡಿಮಿಡಿತ ಗೊತ್ತಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು.

ಅಮೆರಿಕದಲ್ಲಿ ಸಿಕ್ಕ ಕೇಂಬ್ರಿಜ್ ವಿಳಾಸ

1947ರಲ್ಲಿ ಕಂಪನಿಯ ಇಬ್ಬರು ಅಧಿಕಾರಿಗಳು, ರೇಮಂಡ್ ಥಾಂಪ್ಸನ್ ಮತ್ತು ಆಲಿವರ್ ಸ್ಟ್ಯಾಂಡಿಂಗ್‌ಫರ್ಡ್, ಹೊಸ ಕಚೇರಿ ವಿಧಾನಗಳನ್ನು ನೋಡಲು ಅಮೆರಿಕಕ್ಕೆ ಹೋದರು. ಎನಿಯಾಕ್ ಗಣಕದ ಸುದ್ದಿ ಆಗಲೇ ಹರಡಿತ್ತು. ಪ್ರಿನ್ಸ್‌ಟನ್‌ನಲ್ಲಿ ಗಣಿತಜ್ಞ ಹರ್ಮನ್ ಗೋಲ್ಡ್‌ಸ್ಟೈನ್ ಅವರನ್ನು ಕಂಡಾಗ, ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲೇ ಅಂಥದೊಂದು ಯಂತ್ರ ಸಿದ್ಧವಾಗುತ್ತಿರುವುದು ತಿಳಿಯಿತು. ಮನೆಯ ಪಕ್ಕದ ಬಾವಿಯನ್ನು ಸಮುದ್ರ ದಾಟಿ ಹೋಗಿ ಕೇಳಿ ತಿಳಿದಂತಾಯಿತು!

ಕೇಂಬ್ರಿಜ್‌ನಲ್ಲಿ ಮಾರಿಸ್ ವಿಲ್ಕ್ಸ್ ಅವರ ತಂಡ 'ಎಡ್ಸಾಕ್' ಗಣಕವನ್ನು ಕಟ್ಟುತ್ತಿತ್ತು. ಲಯನ್ಸ್ ಅದಕ್ಕೆ ಧನಸಹಾಯ ನೀಡಿತು, ತನ್ನ ತಂತ್ರಜ್ಞರೊಬ್ಬರನ್ನೂ ಕಳುಹಿಸಿತು. 1949ರ ಮೇ 6ರಂದು ಎಡ್ಸಾಕ್ ಮೊದಲ ಲೆಕ್ಕ ಮಾಡಿತು. ಅದರ ಮಾದರಿಯಲ್ಲೇ ತಮ್ಮದೊಂದು ಯಂತ್ರ ಕಟ್ಟುವ ಹೊಣೆಯನ್ನು ಲಯನ್ಸ್‌ನವರು ಜಾನ್ ಪಿಂಕರ್ಟನ್ ಎಂಬ ಎಂಜಿನಿಯರಿಗೆ ವಹಿಸಿದರು. ಕೊಂಡುಕೊಳ್ಳೋಣವೆಂದರೆ ಕಚೇರಿ ಗಣಕವನ್ನು ಮಾರುವವರೇ ಆಗ ಇರಲಿಲ್ಲ. 'ಲಯನ್ಸ್ ಎಲೆಕ್ಟ್ರಾನಿಕ್ ಆಫೀಸ್' ಎಂಬ ಹೆಸರಿನ ಮೊದಲಕ್ಷರಗಳು ಸೇರಿ 'ಲಿಯೋ' ಆಯಿತು.

ಪಾದರಸದ ನೆನಪು

ಲಿಯೋದಲ್ಲಿ ಸುಮಾರು 6000 ವಾಲ್ವುಗಳಿದ್ದವು. ಅದರ ಸ್ಮೃತಿಕೋಶ ಪಾದರಸ ತುಂಬಿದ ಕೊಳವೆಗಳ ಸಾಲು. ವಿದ್ಯುತ್ ಮಿಡಿತವನ್ನು ಕೊಳವೆಯ ಒಂದು ತುದಿಯ ಹರಳು ಶಬ್ದದ ಅಲೆಯಾಗಿ ಮಾರ್ಪಡಿಸುತ್ತದೆ. ಪಾದರಸದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1450 ಮೀಟರ್. ಒಂದೂವರೆ ಮೀಟರ್ ಉದ್ದದ ಕೊಳವೆಯನ್ನು ದಾಟಲು ಅಲೆಗೆ ಸುಮಾರು ಒಂದು ಮಿಲಿಸೆಕೆಂಡ್ ಬೇಕು. ಇನ್ನೊಂದು ತುದಿಯಲ್ಲಿ ಅದನ್ನು ಮತ್ತೆ ವಿದ್ಯುತ್ತಾಗಿಸಿ, ಬಲಪಡಿಸಿ, ಮೊದಲ ತುದಿಗೆ ಕಳುಹಿಸಿದರೆ ಮಾಹಿತಿ ಸುತ್ತುತ್ತಲೇ ಉಳಿಯುತ್ತದೆ. ಬಾಯಿಪಾಠ ಮರೆಯದಿರಲು ಮಗು ಮತ್ತೆ ಮತ್ತೆ ಹೇಳಿಕೊಳ್ಳುವಂತೆ! ಇಂಥ ಕೋಶದಲ್ಲಿ ಹಿಡಿಯುತ್ತಿದ್ದದ್ದು 2048 ಪದಗಳು. ಇಂದಿನ ಲೆಕ್ಕದಲ್ಲಿ ಅದು ಹತ್ತು ಕಿಲೋಬೈಟಿಗಿಂತ ಕಡಿಮೆ.

ಸಂಶೋಧಕನ ಲೆಕ್ಕ ತಡವಾದರೆ ನಾಳೆ ಮಾಡಬಹುದು. ಸಂಬಳದ ಲೆಕ್ಕ ಹಾಗಲ್ಲ. ವಾಲ್ವುಗಳು ಆಗಾಗ ಕೆಡುತ್ತಿದ್ದುದರಿಂದ ಪಿಂಕರ್ಟನ್ ಒಂದು ಉಪಾಯ ಅನುಸರಿಸಿದರು. ಯಂತ್ರಕ್ಕೆ ಕೊಡುವ ವೋಲ್ಟೇಜನ್ನು ಬೇಕೆಂದೇ ಏರಿಳಿಸಿ ನೋಡುವುದು. ದುರ್ಬಲ ವಾಲ್ವುಗಳು ಆಗಲೇ ಎಡವುತ್ತವೆ. ಅವನ್ನು ಕೆಲಸಕ್ಕೆ ಮೊದಲೇ ಬದಲಾಯಿಸಿದರಾಯಿತು.

ಎರಡನೆಯ ತೊಡಕು ಮಾಹಿತಿಯದು. ವಿಜ್ಞಾನದ ಲೆಕ್ಕದಲ್ಲಿ ಕೊಡುವ ಅಂಕಿಗಳು ಕೆಲವೇ, ಮಾಡಬೇಕಾದ ಗಣನೆ ಅಪಾರ. ಕಚೇರಿಯಲ್ಲಿ ಇದು ತಲೆಕೆಳಗು. ಕೂಡಿಸಿ ಕಳೆಯುವುದು ಸುಲಭ, ಆದರೆ ಒಳಗೆ ಹೋಗುವ, ಹೊರಗೆ ಬರುವ ಅಂಕಿಗಳು ರಾಶಿರಾಶಿ. ಕಾಂತಪಟ್ಟಿಯ ಪ್ರಯತ್ನ ಕೈಗೂಡದೆ, ಕೊನೆಗೆ ಕಾಗದದ ಪಟ್ಟಿ ಮತ್ತು ರಂಧ್ರ ಕೊರೆದ ಕಾರ್ಡುಗಳನ್ನು ಓದುವ ಹಲವು ದಾರಿಗಳನ್ನು ಯಂತ್ರಕ್ಕೆ ಜೋಡಿಸಲಾಯಿತು.

ಬ್ರಿಟನ್ನಿನ ನಾಣ್ಯಪದ್ಧತಿ ಇನ್ನೊಂದು ತಲೆನೋವು. ಒಂದು ಪೌಂಡಿಗೆ 20 ಶಿಲ್ಲಿಂಗ್, ಒಂದು ಶಿಲ್ಲಿಂಗಿಗೆ 12 ಪೆನ್ಸ್. ಯಂತ್ರಕ್ಕೆ ಗೊತ್ತಿದ್ದದ್ದು ದ್ವಿಮಾನ ಪದ್ಧತಿ ಮಾತ್ರ. 3 ಪೌಂಡ್ 7 ಶಿಲ್ಲಿಂಗ್ 5 ಪೆನ್ಸ್ ಎಂದರೆ 720 + 84 + 5 = 809 ಪೆನ್ಸ್. ಲೆಕ್ಕ ಮುಗಿದ ಮೇಲೆ ಮತ್ತೆ ಪೌಂಡು–ಶಿಲ್ಲಿಂಗಿಗೆ ತಿರುಗಿಸಬೇಕು. ನಮ್ಮಲ್ಲೂ 1957ರವರೆಗೆ ರೂಪಾಯಿ–ಆಣೆ–ಪೈ ಲೆಕ್ಕವಿದ್ದುದನ್ನು ಹಿರಿಯರು ಬಲ್ಲರು.

ಯಂತ್ರಕ್ಕಿಂತ ಮೊದಲು ವಿಧಾನ

1951ರ ನವೆಂಬರಿನಲ್ಲಿ ಲಿಯೋ ತನ್ನ ಮೊದಲ ಕಚೇರಿ ಕೆಲಸವನ್ನು ಆರಂಭಿಸಿತು. ಬೇಕರಿಗಳಲ್ಲಿ ತಯಾರಾದ ಬ್ರೆಡ್ಡು, ಕೇಕುಗಳ ವಾರದ ಮೌಲ್ಯವನ್ನು ಲೆಕ್ಕ ಹಾಕುವ ಕೆಲಸ ಅದು. 1954ರ ಫೆಬ್ರವರಿಯಿಂದ ಬೇಕರಿ ನೌಕರರ ಸಂಬಳದ ಪಟ್ಟಿ ಅದರ ಪಾಲಿಗೆ ಬಂತು. ಸಂಬಳದಲ್ಲೇ ಆದಾಯ ತೆರಿಗೆ ಮುರಿದುಕೊಳ್ಳುವ ಪದ್ಧತಿ ಬ್ರಿಟನ್ನಿನಲ್ಲಿ 1944ರಲ್ಲಿ ಬಂದ ಮೇಲೆ ಈ ಲೆಕ್ಕ ಜಟಿಲವಾಗಿತ್ತು. ನುರಿತ ಗುಮಾಸ್ತರಿಗೆ ಒಬ್ಬ ನೌಕರನ ಲೆಕ್ಕಕ್ಕೆ ಎಂಟು ನಿಮಿಷ ಬೇಕಾಗುತ್ತಿದ್ದರೆ ಲಿಯೋಗೆ ಸಾಕಾದದ್ದು ಒಂದೂವರೆ ಸೆಕೆಂಡು. ಆದರೂ ಒಮ್ಮೆಗೇ ಯಂತ್ರವನ್ನು ನಂಬಲಿಲ್ಲ. ಹಳೆಯ ಕ್ರಮದ ಲೆಕ್ಕವನ್ನೂ ಜೊತೆಯಲ್ಲೇ ನಡೆಸಿ, ಎರಡೂ ತಾಳೆಯಾಗುವುದನ್ನು ನೋಡಿದ ಮೇಲೆಯೇ ಕೈಲೆಕ್ಕ ನಿಂತಿತು.

ಈ ಕೆಲಸಗಳ ರೂಪುರೇಷೆ ಹಾಕಿದವರು ಡೇವಿಡ್ ಕ್ಯಾಮಿನರ್. ಅವರ ತಂಡದ ಜಾಣ್ಮೆ ಎದ್ದು ಕಾಣುವುದು 1954ರಲ್ಲೇ ಬಂದ ಚಹಾದಂಗಡಿಗಳ ಬೇಡಿಕೆಯ ಲೆಕ್ಕದಲ್ಲಿ. ನಾಳೆಗೆ ಏನೇನು ಬೇಕೆಂದು ಪ್ರತಿ ಅಂಗಡಿಯೂ ಪೂರ್ತಿ ಪಟ್ಟಿ ಕಳುಹಿಸಬೇಕೆ? ಅದರ ಬದಲು ವಾರದ ಒಂದೊಂದು ದಿನಕ್ಕೂ ಒಂದು ಕಾಯಂ ಪಟ್ಟಿಯನ್ನು ಕಾರ್ಡುಗಳಲ್ಲಿ ಇರಿಸಲಾಯಿತು. ಅಂಗಡಿಯ ವ್ಯವಸ್ಥಾಪಕಿಯಿಂದ ದೂರವಾಣಿಯಲ್ಲಿ ತಿಳಿಯಬೇಕಾದದ್ದು ಬದಲಾವಣೆಗಳು ಮಾತ್ರ. ಆಕೆ ಹೇಳುತ್ತಿದ್ದಂತೆಯೇ ಈ ಕಡೆ ಕಾರ್ಡಿನಲ್ಲಿ ರಂಧ್ರ ಬೀಳುತ್ತಿತ್ತು. ಬೇಕರಿ ಎಷ್ಟು ತಯಾರಿಸಬೇಕು, ಯಾವ ಅಂಗಡಿಗೆ ಏನು ಕಟ್ಟಬೇಕು ಎಂಬುದೆಲ್ಲ ಲಿಯೋದಿಂದ ಹೊರಬರುತ್ತಿತ್ತು.

ಇದರ ಲಾಭವನ್ನು ಒಂದು ಉದಾಹರಣೆಯಿಂದ ನೋಡಿ. 200 ಅಂಗಡಿ, ಪ್ರತಿ ಅಂಗಡಿಗೆ 100 ಪದಾರ್ಥ ಎಂದಿಟ್ಟುಕೊಂಡರೆ ದಿನಕ್ಕೆ 20,000 ಅಂಕಿಗಳು. ಪ್ರತಿ ಅಂಗಡಿಯಲ್ಲೂ ಐದೇ ಪದಾರ್ಥ ಬದಲಾದರೆ ಕಳುಹಿಸಬೇಕಾದ ಅಂಕಿಗಳು 1000. ಇಪ್ಪತ್ತರಲ್ಲಿ ಒಂದು ಭಾಗ! ಈ ಉಳಿತಾಯ ಬಂದದ್ದು ಯಂತ್ರದ ವೇಗದಿಂದಲ್ಲ, ಸಮಸ್ಯೆಯನ್ನು ಸರಿಯಾಗಿ ಬಿಡಿಸಿಕೊಂಡ ಬುದ್ಧಿಯಿಂದ.

ಕಚೇರಿಯಿಂದ ತರಗತಿಗೆ

ಪ್ರೋಗ್ರಾಂ ಬರೆಯುವವರನ್ನು ತಯಾರಿಸುವ ಕಾಲೇಜುಗಳು ಆಗ ಇರಲಿಲ್ಲ. ಲಯನ್ಸ್ ತನ್ನ ಸಿಬ್ಬಂದಿಗೇ ತರಬೇತಿ ಮತ್ತು ಪರೀಕ್ಷೆ ನಡೆಸಿ ಯೋಗ್ಯರನ್ನು ಆರಿಸಿತು. ಹೀಗೆ ಬಂದವರಲ್ಲಿ ಫ್ರೆಂಚ್ ಭಾಷೆಯಲ್ಲಿ ಪದವಿ ಪಡೆದಿದ್ದ ಮೇರಿ ಕೂಂಬ್ಸ್ ಒಬ್ಬರು. ವಾಣಿಜ್ಯ ಕ್ಷೇತ್ರದ ಮೊದಲ ಮಹಿಳಾ ಪ್ರೋಗ್ರಾಮರ್ ಎಂಬ ಗೌರವ ಅವರದು. ಲಿಯೋದಲ್ಲಿ ಪಳಗಿದ ಫ್ರಾಂಕ್ ಲ್ಯಾಂಡ್ 1967ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿ, ಸಂಸ್ಥೆಗಳ ಕೆಲಸವನ್ನು ವಿಶ್ಲೇಷಿಸುವ ವಿದ್ಯೆಯನ್ನು ಪಠ್ಯವಿಷಯವಾಗಿ ಬೆಳೆಸಿದರು. ಚಹಾದಂಗಡಿಯ ಪಾಠ ವಿಶ್ವವಿದ್ಯಾಲಯ ಮುಟ್ಟಿದ್ದು ಹೀಗೆ.

ಬೇರೆ ಸಂಸ್ಥೆಗಳೂ ಲಿಯೋದಿಂದ ಲೆಕ್ಕ ಮಾಡಿಸಿಕೊಂಡವು. ಫೋರ್ಡ್ ಕಾರ್ಖಾನೆಯ ಸಂಬಳದ ಪಟ್ಟಿ ಅವುಗಳಲ್ಲೊಂದು. 1954ರಲ್ಲಿ ಗಣಕ ತಯಾರಿಕೆಗೆಂದೇ ಪ್ರತ್ಯೇಕ ಕಂಪನಿ ಹುಟ್ಟಿತು. ಆದರೆ ತಮ್ಮ ಕಚೇರಿಗೆ ಗಣಕ ಹೊಂದಿಸುವುದು ಒಂದು ಸಮಸ್ಯೆ, ಜಗತ್ತಿಗೆಲ್ಲ ಗಣಕ ಮಾರುವುದು ಇನ್ನೊಂದು. ಅದಕ್ಕೆ ಬೇಕಾದ ಬಂಡವಾಳ ತಿಂಡಿ ಕಂಪನಿಗೆ ಭಾರವಾಯಿತು. 1963ರಲ್ಲಿ ಲಿಯೋ ಕಂಪನಿ ಇಂಗ್ಲಿಷ್ ಎಲೆಕ್ಟ್ರಿಕ್ ಜೊತೆ ಸೇರಿತು. 1968ರಲ್ಲಿ ಅದೂ ಐಸಿಎಲ್ ಎಂಬ ದೊಡ್ಡ ಸಂಸ್ಥೆಯಲ್ಲಿ ಲೀನವಾಯಿತು. ಆದರೂ ಬ್ರಿಟಿಷ್ ಅಂಚೆ ಇಲಾಖೆಯಲ್ಲಿ ಲಿಯೋ ವಂಶದ ಯಂತ್ರಗಳು 1981ರವರೆಗೆ ದುಡಿದವು.

ಯಂತ್ರ ತಂದಿಟ್ಟು, ಆಮೇಲೆ ಅದಕ್ಕೆ ಕೆಲಸ ಹುಡುಕುವುದು ಎಲ್ಲೆಡೆ ಕಾಣುವ ಕ್ರಮ. ಒಂದೇ ಮಾಹಿತಿಯನ್ನು ಪುಸ್ತಕದಲ್ಲೂ ಬರೆದು, ಗಣಕಕ್ಕೂ ತುಂಬಿಸಿ, ಮುದ್ರಿಸಿ ಕಡತಕ್ಕೂ ಸೇರಿಸಿದರೆ ಕೆಲಸ ಮೂರು ಪಟ್ಟಾಗುತ್ತದೆಯೇ ಹೊರತು ಹಗುರಾಗುವುದಿಲ್ಲ. ಲಿಯೋ ತಂಡದವರು ನಡೆದ ದಾರಿ ಇದಕ್ಕೆ ವಿರುದ್ಧವಾದದ್ದು.

ಶಿಕ್ಷಕರು ಇದನ್ನು ಒಂದು ಚಟುವಟಿಕೆಯಾಗಿ ಮಾಡಿಸಬಹುದು. ನಿಮ್ಮ ಶಾಲೆಯ ಬಿಸಿಯೂಟದ ಲೆಕ್ಕವನ್ನೇ ತೆಗೆದುಕೊಳ್ಳಿ. ಇಂದು ಎಷ್ಟು ಮಕ್ಕಳಿಗೆ ಅಡುಗೆ ಎಂಬ ಅಂಕಿ ಯಾರಿಗೆ, ಎಷ್ಟು ಗಂಟೆಗೆ ಬೇಕು? ಅದು ಯಾರಿಂದ ಬರುತ್ತದೆ, ಎಷ್ಟು ಕಡೆ ಬರೆಯಲಾಗುತ್ತದೆ? ದಿನವೂ ಬದಲಾಗುವುದು ಯಾವುದು, ಬದಲಾಗದ್ದು ಯಾವುದು? ತಪ್ಪಾದರೆ ಪತ್ತೆ ಹಚ್ಚುವ ಬಗೆ ಹೇಗೆ? ಉತ್ತರಗಳನ್ನು ಮಕ್ಕಳು ಕಾಗದದ ಮೇಲೆ ಬಾಣಗಳಿಂದ ಜೋಡಿಸಿ ಚಿತ್ರ ಬರೆಯಲಿ. ಶಾಲೆಯಲ್ಲಿ ಗಣಕವಿಲ್ಲದಿದ್ದರೂ ಈ ಪಾಠ ನಡೆಯುತ್ತದೆ.