ವಿದೇಶಿ ಕೈಗಡಿಯಾರ: ತೋರುವ ಬೆಲೆ ಒಂದು, ತೆರುವ ಬೆಲೆ ಮತ್ತೊಂದು

ಬೆಂಗಳೂರು: ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಂದಿಗೆ 1961ರಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಬೆಂಗಳೂರಿನಲ್ಲಿ ಆರಂಭವಾದಾಗ, ವಿದೇಶಿ ಕೈಗಡಿಯಾರ ಬಹುಮಂದಿಗೆ ಎಟುಕದ ವಸ್ತುವಾಗಿತ್ತು. ಇಂದು ಟೋಕಿಯೊ ಅಥವಾ ಜಿನೀವಾದ ಮಾರಾಟಗಾರನಿಂದ ಮನೆಯಲ್ಲೇ ಕುಳಿತು ಅದನ್ನು ತರಿಸಿಕೊಳ್ಳಬಹುದು. ಆದರೆ ಮಾರಾಟಗಾರ ಹೇಳುವ ಬೆಲೆಯನ್ನಷ್ಟೇ ನೋಡಿ ಹಣ ಪಾವತಿಸಿದವರಿಗೆ ನಿಜವಾದ ಬೆಲೆ ತಿಳಿಯುವುದು ಪಾರ್ಸೆಲ್ ಕಸ್ಟಮ್ಸ್ ತಲುಪಿದ ನಂತರವೇ. ದಾಖಲೆ ಸರಿಯಿಲ್ಲದಿದ್ದರೆ ಹಣದ ಜೊತೆಗೆ ಗಡಿಯಾರವೂ ಕೈತಪ್ಪಬಹುದು.

ಸುಂಕದ ಲೆಕ್ಕ

ಸುಂಕವನ್ನು ಗಡಿಯಾರದ ಬೆಲೆಯ ಮೇಲಷ್ಟೇ ವಿಧಿಸುವುದಿಲ್ಲ. ಬೆಲೆಗೆ ಸಾಗಣೆ ವೆಚ್ಚ ಹಾಗೂ ವಿಮೆಯ ಮೊತ್ತವನ್ನು ಸೇರಿಸಿ ಬರುವ ಮೌಲ್ಯವೇ ಸುಂಕಕ್ಕೆ ಆಧಾರ. ಸಾಗಣೆ ವೆಚ್ಚ ತಿಳಿಯದಿದ್ದಲ್ಲಿ ಸರಕಿನ ಬೆಲೆಯ ಶೇ 20ರಷ್ಟನ್ನು, ವಿಮೆಯ ಮೊತ್ತ ತಿಳಿಯದಿದ್ದಲ್ಲಿ ಶೇ 1.125ರಷ್ಟನ್ನು ಸೇರಿಸಲು 2007ರ ಮೌಲ್ಯಮಾಪನ ನಿಯಮಗಳು ಅವಕಾಶ ನೀಡುತ್ತವೆ. ರೂಪಾಯಿಗೆ ಪರಿವರ್ತಿಸುವಾಗ ಬ್ಯಾಂಕಿನ ದರ ಅನ್ವಯಿಸುವುದಿಲ್ಲ, ಕಸ್ಟಮ್ಸ್ ನಿಗದಿಪಡಿಸಿದ ವಿನಿಮಯ ದರ ಅನ್ವಯಿಸುತ್ತದೆ.

ಕೈಗಡಿಯಾರಗಳ ಮೇಲಿನ ಮೂಲ ಸುಂಕವನ್ನು 2018ರ ಬಜೆಟ್‌ನಲ್ಲಿ ಶೇ 10ರಿಂದ 20ಕ್ಕೆ ಏರಿಸಲಾಯಿತು. ಮೂಲ ಸುಂಕ ಶೇ 20, ಆ ಸುಂಕದ ಮೇಲೆ ಸಮಾಜ ಕಲ್ಯಾಣ ಮೇಲ್ತೆರಿಗೆ ಶೇ 10 ಹಾಗೂ ಐಜಿಎಸ್‌ಟಿ ಶೇ 18 ಎಂದಿಟ್ಟುಕೊಂಡರೆ ಲೆಕ್ಕ ಹೀಗಾಗುತ್ತದೆ:

ಗಡಿಯಾರದ ಬೆಲೆ: 40,000 ರೂ.
ಸಾಗಣೆ ಮತ್ತು ವಿಮೆ: 3,000 ರೂ.
ಒಟ್ಟು ಮೌಲ್ಯ: 43,000 ರೂ.
ಮೂಲ ಸುಂಕ: 8,600 ರೂ.
ಮೇಲ್ತೆರಿಗೆ: 860 ರೂ.
ಐಜಿಎಸ್‌ಟಿ (52,460 ರೂ. ಮೇಲೆ): ಸುಮಾರು 9,443 ರೂ.

ಅಂದರೆ ತೆರಿಗೆಯೇ ಸುಮಾರು 18,900 ರೂ. 40 ಸಾವಿರದ ಗಡಿಯಾರ ಮನೆ ಸೇರುವ ವೇಳೆಗೆ ಸುಮಾರು 62 ಸಾವಿರ ಆಗಿರುತ್ತದೆ. ಕುರಿಯರ್ ಸಂಸ್ಥೆಯ ನಿರ್ವಹಣಾ ಶುಲ್ಕ ಹಾಗೂ ಕಾರ್ಡಿನ ವಿದೇಶಿ ವಹಿವಾಟು ಶುಲ್ಕ ಇದಕ್ಕೆ ಹೊರತು.

ಸ್ವಂತ ಬಳಕೆಗೆ ಅಂಚೆ ಅಥವಾ ವಿಮಾನದ ಮೂಲಕ ತರಿಸುವ ವಸ್ತುಗಳಿಗೆ ಸುಂಕ ಪಟ್ಟಿಯಲ್ಲಿ 9804 ಎಂಬ ಪ್ರತ್ಯೇಕ ಶೀರ್ಷಿಕೆ ಇದೆ. ಈ ವರ್ಗದ ಸುಂಕವನ್ನು ಶೇ 20ರಿಂದ 10ಕ್ಕೆ ಇಳಿಸುವ ಪ್ರಸ್ತಾವವನ್ನು 2026ರ ಕೇಂದ್ರ ಬಜೆಟ್‌ನಲ್ಲಿ ಮಂಡಿಸಲಾಯಿತು. ಪಾರ್ಸೆಲ್ ಯಾವ ಶೀರ್ಷಿಕೆಯಡಿ ದಾಖಲಾಗುತ್ತದೆ ಎಂಬುದನ್ನು ಕುರಿಯರ್ ಸಂಸ್ಥೆಯಿಂದ ಮೊದಲೇ ಕೇಳಿ ತಿಳಿಯುವುದು ಲಾಭಕರ.

ಸಾಗಣೆ ಮತ್ತು ವಿಮೆ

ಕುರಿಯರ್ ಮೂಲಕ ಬರುವ ಸರಕಿಗೆ ಆ ಸಂಸ್ಥೆಯೇ ಗ್ರಾಹಕರ ಪರವಾಗಿ ಕಸ್ಟಮ್ಸ್ ಘೋಷಣೆ ಸಲ್ಲಿಸುತ್ತದೆ. ಗುರುತಿನ ದಾಖಲೆ, ಖರೀದಿ ರಸೀತಿ ಹಾಗೂ ಹಣ ಪಾವತಿಯ ಪುರಾವೆಯನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ಅಂಚೆಯಲ್ಲಿ ಬರುವ ಪಾರ್ಸೆಲ್‌ಗಳ ತಪಾಸಣೆ ವಿದೇಶಿ ಅಂಚೆ ಕಚೇರಿಯಲ್ಲಿ ನಡೆಯುತ್ತದೆ.

ವಿಮೆಯ ವಿಷಯದಲ್ಲಿ ಉಳಿತಾಯ ಸಲ್ಲದು. ಮೌಲ್ಯವನ್ನು ವಿಶೇಷವಾಗಿ ಘೋಷಿಸದಿದ್ದರೆ, 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ವಿಮಾನ ಸರಕಿನ ನಷ್ಟ ಪರಿಹಾರವನ್ನು ತೂಕದ ಮೇಲೆ ಲೆಕ್ಕ ಹಾಕಲಾಗುತ್ತದೆ. 2024ರ ಡಿಸೆಂಬರ್ 28ರಿಂದ ಅದರ ಮಿತಿ ಕಿಲೋಗೆ 26 ಎಸ್‌ಡಿಆರ್. ಎಸ್‌ಡಿಆರ್ ಎಂಬುದು ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ. ಅರ್ಧ ಕಿಲೋ ತೂಗುವ ಪೆಟ್ಟಿಗೆ ಕಳೆದುಹೋದರೆ, ಒಳಗಿದ್ದ ಗಡಿಯಾರದ ಬೆಲೆ ಎಷ್ಟೇ ಇರಲಿ, ಈ ಲೆಕ್ಕದಲ್ಲಿ ದೊರೆಯುವುದು ಎರಡು ಸಾವಿರ ರೂಪಾಯಿಗೂ ಕಡಿಮೆ.

‘ಉಡುಗೊರೆ’ ಎಂಬ ಚೀಟಿ

‘ಉಡುಗೊರೆ ಎಂದು ಬರೆದು ಕಳುಹಿಸುತ್ತೇನೆ’ ಎಂಬ ಮಾರಾಟಗಾರನ ಭರವಸೆ ಅಪಾಯಕಾರಿ. ಅಂಚೆ ಅಥವಾ ಕುರಿಯರ್ ಮೂಲಕ ಉಡುಗೊರೆಯ ಹೆಸರಿನಲ್ಲಿ ಸುಂಕರಹಿತವಾಗಿ ಸರಕು ತರಿಸುವುದನ್ನು ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ 2019ರ ಡಿಸೆಂಬರ್‌ನಲ್ಲಿ ನಿಷೇಧಿಸಿತು. ವಿನಾಯಿತಿ ಇರುವುದು ಜೀವರಕ್ಷಕ ಔಷಧ ಹಾಗೂ ರಾಖಿಗೆ ಮಾತ್ರ. ಅಮೆರಿಕದಲ್ಲಿರುವ ಮಗ ಊರಿನಲ್ಲಿರುವ ತಂದೆಗೆ ಕಳುಹಿಸುವ ಗಡಿಯಾರಕ್ಕೂ ಪೂರ್ಣ ಸುಂಕ ಕಟ್ಟಲೇಬೇಕು.

ಬೆಲೆ ಕಡಿಮೆ ನಮೂದಿಸುವುದು ಇನ್ನೂ ದೊಡ್ಡ ತಪ್ಪು. ಘೋಷಿತ ಮೌಲ್ಯದ ಬಗ್ಗೆ ಸಂಶಯ ಬಂದರೆ ಅಧಿಕಾರಿಗಳು ಪುರಾವೆ ಕೇಳಬಹುದು. 1962ರ ಕಸ್ಟಮ್ಸ್ ಕಾಯ್ದೆಯ 111ನೇ ಸೆಕ್ಷನ್ ಅಡಿ ಸರಕನ್ನು ಮುಟ್ಟುಗೋಲು ಹಾಕಿಕೊಳ್ಳಲು, 112ನೇ ಸೆಕ್ಷನ್ ಅಡಿ ದಂಡ ವಿಧಿಸಲು ಅವಕಾಶವಿದೆ. ಚೀಟಿ ಬರೆದವನು ಪರದೇಶದಲ್ಲಿರುತ್ತಾನೆ. ಉತ್ತರ ಹೇಳಬೇಕಾದವರು ಪಾರ್ಸೆಲ್ ಪಡೆಯುವವರು. ಪೆಟ್ಟಿಗೆ ಕಳೆದುಹೋದಾಗ ಕಡಿಮೆ ನಮೂದಿಸಿದ ಬೆಲೆಯೇ ಪರಿಹಾರಕ್ಕೂ ತೊಡಕಾಗುತ್ತದೆ.

ಹಳೆಯ ಗಡಿಯಾರ, ಮೊಸಳೆ ಚರ್ಮದ ಪಟ್ಟಿ

ಹಳೆಯ ಗಡಿಯಾರಗಳ ಸಂಗ್ರಹಕಾರರು ಗಮನಿಸಬೇಕಾದ ಅಂಶವೊಂದಿದೆ. 2023ರ ವಿದೇಶಿ ವ್ಯಾಪಾರ ನೀತಿಯ ಪ್ರಕಾರ, ಬಂಡವಾಳ ಸರಕುಗಳನ್ನು ಬಿಟ್ಟು ಉಳಿದ ಬಳಸಿದ ವಸ್ತುಗಳ ಆಮದು ‘ನಿರ್ಬಂಧಿತ’ ಪಟ್ಟಿಯಲ್ಲಿದೆ. ಅದಕ್ಕೆ ಅನುಮತಿ ಪತ್ರ ಬೇಕಾಗುತ್ತದೆ.

ದುಬಾರಿ ಗಡಿಯಾರಗಳ ಮೊಸಳೆ ಚರ್ಮದ ಪಟ್ಟಿಯೂ ತೊಡಕು ತರಬಹುದು. ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ‘ಸೈಟಿಸ್’ ಒಪ್ಪಂದಕ್ಕೆ ಭಾರತ 1976ರಿಂದ ಬದ್ಧವಾಗಿದ್ದು, ಇಂತಹ ಚರ್ಮದ ವಸ್ತುಗಳಿಗೆ ಪ್ರತ್ಯೇಕ ಪರವಾನಗಿ ಬೇಕು. ಉಕ್ಕಿನ ಅಥವಾ ರಬ್ಬರಿನ ಪಟ್ಟಿಯೊಂದಿಗೆ ಕಳುಹಿಸುವಂತೆ ಕೋರುವುದು ಸುಲಭದ ದಾರಿ.

ಸ್ವಿಸ್ ಗಡಿಯಾರಕ್ಕೆ ರಿಯಾಯಿತಿ

ಸ್ವಿಟ್ಜರ್‌ಲೆಂಡ್ ಸೇರಿದಂತೆ ನಾಲ್ಕು ರಾಷ್ಟ್ರಗಳ ಇಎಫ್‌ಟಿಎ ಒಕ್ಕೂಟದೊಂದಿಗೆ ಭಾರತ 2024ರ ಮಾರ್ಚ್ 10ರಂದು ಸಹಿ ಮಾಡಿದ ಒಪ್ಪಂದ 2025ರ ಅಕ್ಟೋಬರ್ 1ರಂದು ಜಾರಿಗೆ ಬಂದಿದೆ. ಸ್ವಿಸ್ ಗಡಿಯಾರಗಳ ಮೇಲಿನ ಮೂಲ ಸುಂಕ ಏಳು ವರ್ಷಗಳ ಅವಧಿಯಲ್ಲಿ ಹಂತಹಂತವಾಗಿ ಇಳಿಯಲಿದೆ. ಆದರೆ ಮುಖಫಲಕದಲ್ಲಿ ‘ಸ್ವಿಸ್ ಮೇಡ್’ ಎಂದಿದ್ದರೆ ಸಾಲದು. ಒಪ್ಪಂದಕ್ಕೆ ಅನುಗುಣವಾದ ಮೂಲದ ದಾಖಲೆ ಸರಕಿನ ಜೊತೆಗಿರಬೇಕು. ಐಜಿಎಸ್‌ಟಿಗೆ ಈ ರಿಯಾಯಿತಿ ಇಲ್ಲ.

ಖರೀದಿಗೆ ಮುನ್ನ

ಸುಂಕ ಸೇರಿದ ಒಟ್ಟು ಬೆಲೆಯನ್ನು ಸ್ಥಳೀಯ ಅಧಿಕೃತ ಮಳಿಗೆಯ ಬೆಲೆಯೊಂದಿಗೆ ಹೋಲಿಸಬೇಕು. ಖಾತರಿ ಭಾರತದಲ್ಲಿ ಅನ್ವಯವಾಗುವುದೇ ಎಂಬುದನ್ನು ಬರಹದಲ್ಲಿ ಪಡೆಯಬೇಕು. ಸುಂಕ ಕಟ್ಟಿದ ರಸೀತಿಯನ್ನು ಜೋಪಾನವಾಗಿ ಕಾಯ್ದಿರಿಸಬೇಕು. ಗಡಿಯಾರವನ್ನು ಹಿಂದಿರುಗಿಸುವ ಸಂದರ್ಭ ಒದಗಿದರೆ, ಬಳಸದ ಸ್ಥಿತಿಯಲ್ಲಿ ಎರಡು ವರ್ಷದೊಳಗೆ ಮರುರಫ್ತು ಮಾಡಿದ ಸರಕಿಗೆ ಕಟ್ಟಿದ ಸುಂಕದ ಶೇ 98ರಷ್ಟನ್ನು ಮರಳಿ ಪಡೆಯಲು ಕಸ್ಟಮ್ಸ್ ಕಾಯ್ದೆಯ 74ನೇ ಸೆಕ್ಷನ್ ಅವಕಾಶ ಕಲ್ಪಿಸುತ್ತದೆ. ಆ ರಸೀತಿ ಇಲ್ಲದಿದ್ದರೆ ಈ ಹಕ್ಕನ್ನು ಸಾಧಿಸುವುದು ಕಷ್ಟ.