ಒಂದು ‘ಬ್ರೇಕ್’, ಒಂಬತ್ತು ತಾಸು

1990ರ ಜನವರಿ 15ರ ಮಧ್ಯಾಹ್ನ ಅಮೆರಿಕದ ಎ.ಟಿ. ಅಂಡ್ ಟಿ. ಕಂಪೆನಿಯ ದೂರವಾಣಿ ಜಾಲ ಕುಸಿಯಿತು. ದೇಶದ ಉದ್ದಗಲಕ್ಕೂ ಇದ್ದ 114 ಸ್ವಿಚ್ಚಿಂಗ್ ಕೇಂದ್ರಗಳು ಬೀಳುತ್ತ, ಏಳುತ್ತ, ಮತ್ತೆ ಬೀಳುತ್ತ ಒಂಬತ್ತು ತಾಸು ಕಳೆದವು. ಕಿಡಿಗೇಡಿಗಳ ಕೈವಾಡವೆಂಬ ಗುಮಾನಿಯೂ ಎದ್ದಿತು. ಹುಡುಕಿದಾಗ ಸಿಕ್ಕಿದ್ದು, ‘ಸಿ’ ಭಾಷೆಯ ಕ್ರಮವಿಧಿಯೊಂದರಲ್ಲಿ ಸಲ್ಲದ ಜಾಗದಲ್ಲಿ ಕುಳಿತಿದ್ದ ‘ಬ್ರೇಕ್’ ಎಂಬ ಒಂದೇ ಪದ.

ಕಂಪ್ಯೂಟರ್ ಪಾಠಕ್ಕೆ ಕೂತವರು ಮೊದಲ ವಾರಗಳಲ್ಲೇ ಕಲಿಯುವ ಪದವಿದು. ಒಂದೇ ಕೆಲಸವನ್ನು ಮರಳಿ ಮರಳಿ ಮಾಡಿಸುವ ಆದೇಶಗಳ ಸುತ್ತಿಗೆ ‘ಲೂಪ್’ ಎನ್ನುತ್ತಾರೆ. ಗಾಣಕ್ಕೆ ಕಟ್ಟಿದ ಎತ್ತಿನಂತೆ ಯಂತ್ರ ಸುತ್ತುತ್ತದೆ. ಸಾವಿರ ಹೆಸರುಗಳ ಪಟ್ಟಿಯಲ್ಲಿ ಬೇಕಾದದ್ದು ಹತ್ತನೆಯದಾಗಿ ಸಿಕ್ಕರೆ ಉಳಿದ 990ನ್ನು ತಡಕುವುದೇಕೆ? ಅಲ್ಲಿ ‘ಬ್ರೇಕ್’ ಎಂದರೆ ಎತ್ತನ್ನು ಬಿಚ್ಚಿದಂತೆ.

ಮೊದಲಿನ ಭಾಷೆಗಳಲ್ಲಿ ಈ ಕೆಲಸಕ್ಕೆ ‘ಗೋ ಟು’ ಇತ್ತು, ಎಲ್ಲಿಂದೆಲ್ಲಿಗೆ ಬೇಕಾದರೂ ನೆಗೆಯಬಹುದಿತ್ತು. 1968ರಲ್ಲಿ ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಅದರ ವಿರುದ್ಧ ಪತ್ರ ಬರೆದು ದೊಡ್ಡ ವಿವಾದಕ್ಕೆ ನಾಂದಿ ಹಾಡಿದರು. (ಅದು ‘ಹಾನಿಕರ’ ಎಂಬ ತಲೆಬರಹ ಮಾತ್ರ ಸಂಪಾದಕ ನಿಕ್ಲಾಸ್ ವಿರ್ತ್ ಅವರದು.) ವಿರ್ತ್ 1970ರಲ್ಲಿ ಪ್ರಕಟಿಸಿದ ‘ಪ್ಯಾಸ್ಕಲ್’ ಭಾಷೆಯಲ್ಲಿ ಬ್ರೇಕ್ ಇರಲಿಲ್ಲ, ತಮಾಷೆಯೆಂದರೆ ಗೋ ಟು ಇತ್ತು! ನಡುವಿನಿಂದ ಹೊರಬರುವ ಅಗತ್ಯ ನಿಜವಾದದ್ದೆಂದು 1974ರಲ್ಲಿ ಡೊನಾಲ್ಡ್ ಕನೂತ್ ಸುದೀರ್ಘ ಲೇಖನದಲ್ಲಿ ತೋರಿಸಿದರು. ಅಷ್ಟರಲ್ಲಾಗಲೇ ಬೆಲ್ ಪ್ರಯೋಗಾಲಯದ ಡೆನಿಸ್ ರಿಚಿ ತಮ್ಮ ‘ಸಿ’ಯಲ್ಲಿ ಬ್ರೇಕಿಗೆ ಜಾಗ ಕೊಟ್ಟಿದ್ದರು. ಆ ಪ್ರಯೋಗಾಲಯ ಆಗ ಇದೇ ದೂರವಾಣಿ ಕಂಪೆನಿಯದಾಗಿತ್ತು.

ತೊಡಕು ಇಲ್ಲಿದೆ. ‘ಸಿ’ಯಲ್ಲಿ ಲೂಪಿನಿಂದ ಹೊರತರುವುದೂ, ಹಲವು ದಾರಿಗಳಲ್ಲಿ ಒಂದನ್ನು ಆರಿಸುವ ‘ಸ್ವಿಚ್’ ಎಂಬ ರಚನೆಯಿಂದ ಹೊರತರುವುದೂ ಅದೇ ಬ್ರೇಕ್. ಇವೆರಡರಲ್ಲಿ ತನಗೆ ಹತ್ತಿರದ ಆವರಣವನ್ನು ಅದು ದಾಟಿಸುತ್ತದೆ. ‘ಇಫ್’ ಎಂಬ ಷರತ್ತನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ದೂರವಾಣಿಯ ಕ್ರಮವಿಧಿಯಲ್ಲಿ ಲೂಪಿನೊಳಗೆ ಸ್ವಿಚ್, ಅದರೊಳಗೆ ಇಫ್, ಅದರೊಳಗೆ ಬ್ರೇಕ್ ಇತ್ತು. ಇಫ್‌ನಿಂದ ಹೊರಬರಲೆಂದು ಬರೆದದ್ದು ಸ್ವಿಚ್ಚನ್ನೇ ದಾಟಿಸಿತು. ನಡುವೆ ಆಗಬೇಕಿದ್ದ ಕೆಲಸ ತಪ್ಪಿಹೋಯಿತು. ಚೇತರಿಸಿಕೊಂಡ ಕೇಂದ್ರದಿಂದ ಎರಡು ಸಂದೇಶಗಳು ಕಣ್ಣೆವೆಯಿಕ್ಕುವಷ್ಟರಲ್ಲಿ ಬಂದರೆ ನೆರೆಯ ಕೇಂದ್ರದ ಮಾಹಿತಿ ಕೆಟ್ಟು, ಅದು ಕೆಲವು ಸೆಕೆಂಡು ಮುಚ್ಚಿಕೊಳ್ಳುತ್ತಿತ್ತು. ತಾನು ಎದ್ದಾಗ ತನ್ನ ನೆರೆಯನ್ನು ಕೆಡವುತ್ತಿತ್ತು. ಎಂಜಿನಿಯರುಗಳು ಜಾಲದಲ್ಲಿ ಸಂದೇಶಗಳ ಹೊರೆ ತಗ್ಗಿಸಿದ ಮೇಲೆಯೇ, ರಾತ್ರಿ ಹನ್ನೊಂದೂವರೆಯ ಹೊತ್ತಿಗೆ, ಈ ಸರಪಳಿ ತುಂಡಾಯಿತು.

1995ರಲ್ಲಿ ಬಂದ ಜಾವಾ ಭಾಷೆ, ಯಾವ ಸುತ್ತಿನಿಂದ ಹೊರಬರಬೇಕೆಂದು ಬ್ರೇಕಿನ ಮುಂದೆ ಹೆಸರಿಸಲು ಅವಕಾಶ ಕೊಟ್ಟಿತು. ಹೆಸರಿಲ್ಲದ ಹಳೆಯ ಬ್ರೇಕ್ ಅಲ್ಲೂ ಸ್ವಿಚ್ಚಿನೊಳಗೆ ಹಾಗೆಯೇ ಉಳಿಯಿತು.