ಅಸ್ಸಿಯ ಸಾರಥಿಗಳು: ಪರವಾನಗಿ ಕೇಳಿದ್ದೇನು?

ಕಾಶಿಯ ತೆಂಕಣ ಅಂಚಿನ ಅಸ್ಸಿ ಘಾಟಿನಲ್ಲಿ ದೋಣಿ ನಡೆಸುವವರು ಹೆಚ್ಚಾಗಿ ಮಲ್ಲಾಹ, ನಿಷಾದ ಸಮುದಾಯದವರು. ಮೆಟ್ಟಿಲು ಹತ್ತಿದರೆ ಇ-ರಿಕ್ಷಾಗಳ ಸಾಲು. ಜನರನ್ನು ಹೊತ್ತೊಯ್ಯುವ ಈ ಎರಡು ಕಸುಬುಗಳನ್ನು ಕಾನೂನು ಒಂದೇ ಕಣ್ಣಿನಿಂದ ನೋಡಿಲ್ಲ. 1878ರ ಉತ್ತರ ಭಾರತ ದೋಣಿ ಕಡವು ಕಾಯ್ದೆಯಲ್ಲಿ ಸುರಕ್ಷತೆಯ ಮಾತಿತ್ತು, ನಿಜ. ಆದರೆ ಸಾರ್ವಜನಿಕ ಕಡವಿನ ಸುಂಕವನ್ನು ಹರಾಜು ಹಾಕುವುದೇ ಅದರ ಜೀವಾಳ. ಹುಟ್ಟು ಹಾಕುವವನ ಕೈಚಳಕವನ್ನು ಕುಲಕಸುಬಿಗೇ ಬಿಟ್ಟುಬಿಟ್ಟಿತ್ತು. ಮರುವರ್ಷದ ಬಾಡಿಗೆ ಗಾಡಿಗಳ ಕಾಯ್ದೆ ಬೇರೆ ದಾರಿ ಹಿಡಿಯಿತು: ಗಾಡಿಗೆ ಮಾತ್ರವಲ್ಲ, ಎಕ್ಕಾ-ಟಾಂಗಾ ಹೊಡೆಯುವವನಿಗೂ ಪರವಾನಗಿ ಕಡ್ಡಾಯ ಮಾಡುವ ಅಧಿಕಾರ ಪುರಸಭೆಗೆ ಬಂತು. ಚಾಲಕನೂ ಲೆಕ್ಕಕ್ಕೆ ಬಂದದ್ದು ಇಲ್ಲಿ.

1988ರ ಮೋಟಾರು ವಾಹನ ಕಾಯ್ದೆ ಇದನ್ನೇ ಬಿಗಿಗೊಳಿಸಿತು; 1994ರ ತಿದ್ದುಪಡಿಯ ನಂತರ ಅದು ಸಾರಿಗೆ ವಾಹನ ಕಲಿಯಲು ಹೊರಟವನ ಬಳಿ ಲಘು ವಾಹನದ ಪರವಾನಗಿ ಒಂದು ವರ್ಷವಾದರೂ ಇರಬೇಕೆಂದಿತು. 2015ರ ತಿದ್ದುಪಡಿ ಇ-ರಿಕ್ಷಾದವರನ್ನು ಆ ಷರತ್ತಿನಿಂದ ಬಿಡಿಸಿತು. ಉಳಿದದ್ದು ಹತ್ತು ದಿನಗಳ ತರಬೇತಿ. ಸಡಿಲಿಸದಿದ್ದರೆ ಸೈಕಲ್ ರಿಕ್ಷಾ ತುಳಿದು ಬದುಕಿದವನಿಗೆ ಈ ಬಾಗಿಲು ತೆರೆಯುತ್ತಿರಲಿಲ್ಲ ಎನ್ನುವವರಿದ್ದಾರೆ. ಆ ವಾದ ಹಗುರವಾದುದಲ್ಲ. ಆದರೆ ಬಡತನಕ್ಕೆ ಕೊಡಬೇಕಾದದ್ದು ಶುಲ್ಕದ ರಿಯಾಯಿತಿ, ಉಚಿತ ತರಬೇತಿ. ಕಲಿಕೆಯನ್ನೇ ಕಡಿತಗೊಳಿಸಿದರೆ ಅದರ ಬೆಲೆ ತೆರುವವರು ಹಿಂದೆ ಕೂತವರು, ಅವರೂ ಬಹುಪಾಲು ಬಡವರೇ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು 7,500 ಕಿಲೋ ಮೀರದ ಸಾರಿಗೆ ವಾಹನಕ್ಕೆ ಲಘು ವಾಹನದ ಪರವಾನಗಿಯೇ ಸಾಕೆಂದಾಗಲೂ ಚರ್ಚೆ ಸುತ್ತಿದ್ದು ಹೆಚ್ಚಾಗಿ ವಿಮೆಯ ಹೊಣೆಯನ್ನೇ.